ಟ್ರೇಲರ್ ಮೇಲೆ ಬೈಕ್ ಕಟ್ಟುವುದು ಹೇಗೆ

ಮೊದಲ ಸಲ ಟ್ರೇಲರ್ ಮೇಲೆ ಬೈಕ್ ಸಾಗಿಸಿದ ದಿನ ಇನ್ನೂ ಚೆನ್ನಾಗಿ ನೆನಪಿದೆ. ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದೆ. ಹ್ಯಾಂಡಲ್‌ನ ಎರಡೂ ತುದಿಗೆ ನೈಲಾನ್ ಹಗ್ಗ ಸುತ್ತಿದ್ದೆ, ಹಿಂದೆ ಒಂದು ರಬ್ಬರ್ ಹಗ್ಗ ಎಳೆದು ಕೊಕ್ಕೆ ಸಿಕ್ಕಿಸಿದ್ದೆ. ಸೀಟಿನ ಮೇಲೆ ಎರಡು ಸಲ ತಟ್ಟಿ, ಇನ್ನು ಇದು ಎಲ್ಲಿಗೂ ಹೋಗಲ್ಲ ಅಂದುಕೊಂಡು ಹೊರಟೆ. ಮೂರನೇ ರಸ್ತೆ ಉಬ್ಬು ದಾಟಿದ ಮೇಲೆ ಕನ್ನಡಿ ನೋಡಿದರೆ, ಹ್ಯಾಂಡಲ್ ಇರಬೇಕಾದ ಜಾಗದಲ್ಲಿ ಆಕಾಶ ಕಾಣಿಸುತ್ತಿತ್ತು. ಗಾಡಿ ಟ್ರೇಲರ್‌ನ ಪಕ್ಕದ ಕಂಬಿಗೆ ಒರಗಿ ಮಲಗಿತ್ತು. ಕ್ಲಚ್ ಲಿವರ್ ಮುರಿದಿತ್ತು, ಟ್ಯಾಂಕ್ ಜಜ್ಜಿತ್ತು. ರಸ್ತೆಗೆ ಬೀಳಲಿಲ್ಲ ಅನ್ನುವುದೊಂದೇ ಪುಣ್ಯ.

ಆದರೆ ಹಗ್ಗ ತುಂಡಾಗಿರಲಿಲ್ಲ. ಗಂಟೂ ಬಿಚ್ಚಿರಲಿಲ್ಲ. ಹಾಗಾದರೆ ಬಿದ್ದಿದ್ದು ಹೇಗೆ?

ಬೈಕ್ ಅಂದರೆ ಸ್ಪ್ರಿಂಗ್ ಮೇಲೆ ಕೂತ ಭಾರ. ಗುಂಡಿ ಬಂದಾಗ ಮುಂದಿನ ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದಿರುವ ಸ್ಪ್ರಿಂಗ್ ಕೊಳವೆಗಳು), ಹಿಂದಿನ ಶಾಕ್ ಅಬ್ಸಾರ್ಬರ್ ಎರಡೂ ಕುಗ್ಗುತ್ತವೆ, ಬೈಕಿನ ಮೈ ಒಂದು ಕ್ಷಣ ಕೆಳಗಿಳಿಯುತ್ತದೆ. ಆ ಕ್ಷಣದಲ್ಲಿ ಹಗ್ಗ ಸಡಿಲ. ಮರುಕ್ಷಣ ಮೈ ಮೇಲೆ ಚಿಮ್ಮಿ ಹಗ್ಗವನ್ನು ಜೋರಾಗಿ ಜಗ್ಗುತ್ತದೆ. ಹೀಗೆ ನೂರಾರು ಸಲ ಆದರೆ ಕೊಕ್ಕೆ ಜಾರುತ್ತದೆ, ಸುತ್ತು ಸರಿಯುತ್ತದೆ, ಹ್ಯಾಂಡಲ್ ತಿರುಗುತ್ತದೆ. ಮನೆಯ ಮುಂದೆ ನಿಂತಿದ್ದಾಗ ಗಟ್ಟಿ ಅನ್ನಿಸಿದ ಕಟ್ಟು ದಾರಿಯಲ್ಲಿ ಕೈ ಕೊಡುವುದು ಹೀಗೆ.

ಅದಕ್ಕೇ ಈ ಕೆಲಸದ ಗುರಿ ಬೈಕ್ ಬೀಳದ ಹಾಗೆ ಹಿಡಿಯುವುದಷ್ಟೇ ಅಲ್ಲ. ಬೈಕ್ ಮತ್ತು ಟ್ರೇಲರ್ ಎರಡೂ ಒಂದೇ ಮೈ ಆಗಬೇಕು. ಕಟ್ಟಿ ಮುಗಿಸಿದ ಮೇಲೆ ಬೈಕನ್ನು ಹಿಡಿದು ಅಲುಗಾಡಿಸಿ. ಬೈಕ್ ಮಾತ್ರ ಅಲುಗಿದರೆ ಕೆಲಸ ಬಾಕಿ ಇದೆ. ಇಡೀ ಟ್ರೇಲರ್ ಅಲುಗಬೇಕು.

ಏನೇನು ಬೇಕು

ಕಡಿಮೆ ಅಂದರೆ ಸರಕು ಬಿಗಿಯುವ ನಾಲ್ಕು ಪಟ್ಟಿ (ಸ್ಟ್ರಾಪ್) ಬೇಕು. ಮುಂದೆ ಎರಡು, ಹಿಂದೆ ಎರಡು. ಒಂದೆರಡು ಹೆಚ್ಚುವರಿ ಇದ್ದರೆ ಒಳ್ಳೆಯದು. ಹಗ್ಗ ಬೇಡ. ಗಂಟು ಹಾಕುವುದರಲ್ಲಿ ನೀವು ಎಷ್ಟೇ ಪಳಗಿದವರಾದರೂ, ಹಗ್ಗವನ್ನು ಬೇಕಾದಷ್ಟು ಎಳೆದು ಅಲ್ಲೇ ಹಿಡಿದು ನಿಲ್ಲಿಸುವುದು ಕಷ್ಟ. ರಬ್ಬರ್ ಹಗ್ಗವಂತೂ ಬೇಡವೇ ಬೇಡ. ಹಿಗ್ಗುವುದೇ ಅದರ ಗುಣ, ನಮಗೆ ಬೇಕಾಗಿರುವುದು ಹಿಗ್ಗದಿರುವುದು. ಹೆಲ್ಮೆಟ್ ಕಟ್ಟಿಕೊಳ್ಳಲು ಇಟ್ಟುಕೊಳ್ಳಿ.

ಪಟ್ಟಿಯಲ್ಲಿ ಎರಡು ಬಗೆ. ಒಂದು ರ‍್ಯಾಚೆಟ್ ಇರುವುದು. ಹಿಡಿಕೆಯನ್ನು ಹಿಂದೆ ಮುಂದೆ ಆಡಿಸಿದ ಹಾಗೆ ಕಟಕಟ ಅಂತ ಬಿಗಿಯಾಗುತ್ತದೆ. ಇನ್ನೊಂದು ಕ್ಯಾಮ್ ಬಕಲ್ ಇರುವುದು. ಪಟ್ಟಿಯ ತುದಿಯನ್ನು ಕೈಯಿಂದ ಎಳೆದರೆ ಬಕಲ್‌ನ ಹಲ್ಲು ಅದನ್ನು ಕಚ್ಚಿ ಹಿಡಿಯುತ್ತದೆ. ಹಗುರ ಬೈಕುಗಳಿಗೆ ನನಗೆ ಕ್ಯಾಮ್ ಬಕಲ್ ಇಷ್ಟ, ಯಾಕೆಂದರೆ ಕೈಯ ಶಕ್ತಿಗಿಂತ ಜಾಸ್ತಿ ಬಿಗಿಯಲು ಅದು ಬಿಡುವುದಿಲ್ಲ. ಭಾರದ ಬೈಕಿಗೆ ರ‍್ಯಾಚೆಟ್ಟೇ ಸರಿ. ಆದರೆ ಅದರ ಬಲ ಎಷ್ಟಿದೆಯೆಂದರೆ ಹುಷಾರಿಲ್ಲದಿದ್ದರೆ ಹ್ಯಾಂಡಲ್ ಬಾಗಿಸಬಹುದು, ಫೋರ್ಕನ್ನು ಪೂರ್ತಿ ಒತ್ತಿಬಿಡಬಹುದು.

ಪಟ್ಟಿಗೆ ಹೊಲಿದ ಚೀಟಿ ಓದಿ. ಅಲ್ಲಿ ಎರಡು ಅಂಕಿ ಇರಬಹುದು. ಒಂದು ಬ್ರೇಕಿಂಗ್ ಸ್ಟ್ರೆಂತ್, ಅಂದರೆ ಪಟ್ಟಿ ಹರಿಯುವ ಭಾರ. ಇನ್ನೊಂದು ವರ್ಕಿಂಗ್ ಲೋಡ್ ಲಿಮಿಟ್, ಅಂದರೆ ದಿನನಿತ್ಯ ಹಾಕಬಹುದಾದ ಭಾರ. ಎರಡನೆಯದು ಸಾಮಾನ್ಯವಾಗಿ ಮೊದಲನೆಯದರ ಮೂರನೇ ಒಂದು ಭಾಗ. ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಹಾಕುವುದು ದೊಡ್ಡ ಅಂಕಿಯನ್ನೇ. ನೀವು ನೋಡಬೇಕಾದ್ದು ಚಿಕ್ಕದನ್ನು. ನಾನು ಇಟ್ಟುಕೊಂಡ ಲೆಕ್ಕ ಸರಳ: ಒಂದೊಂದು ಪಟ್ಟಿಯ ವರ್ಕಿಂಗ್ ಲೋಡ್ ಕೂಡ ಬೈಕಿನ ಪೂರ್ತಿ ತೂಕಕ್ಕಿಂತ ಕಡಿಮೆ ಇರಬಾರದು. 200 ಕೆ.ಜಿ. ಬೈಕಿಗೆ ಒಂದೊಂದೂ 200 ಕೆ.ಜಿ.ಗಿಂತ ಮೇಲಿನದು. ಇದು ಅತಿಯಾಯಿತು ಅನ್ನಿಸಬಹುದು. ಆದರೆ ಸರಕು ಕಟ್ಟುವ ನಿಯಮಗಳಲ್ಲಿ, ಜೋರು ಬ್ರೇಕ್ ಹಾಕಿದಾಗ ಸರಕು ತನ್ನ ತೂಕದ 0.8 ಪಾಲಿನಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ ಎಂದು ಲೆಕ್ಕ ಹಿಡಿಯುತ್ತಾರೆ. ಪಕ್ಕಕ್ಕೆ 0.5 ಪಾಲು. ಅಂದರೆ ಅದೇ ಬೈಕ್ ಮುಂದಕ್ಕೆ 160 ಕೆ.ಜಿ. ಭಾರದಷ್ಟು ತಳ್ಳುತ್ತದೆ, ತಿರುವಿನಲ್ಲಿ ಪಕ್ಕಕ್ಕೆ 100 ಕೆ.ಜಿ.ಯಷ್ಟು. ಪಟ್ಟಿ ಓರೆಯಾಗಿರುವುದರಿಂದ ಅದರ ಎಳೆತದ ಒಂದು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆ. ಹಾಗಾಗಿ ಈ ಧಾರಾಳತನ ಇರಲಿ.

ಪಾಲಿಯೆಸ್ಟರ್ ಪಟ್ಟಿ ತೆಗೆದುಕೊಳ್ಳಿ. ನೈಲಾನ್ ನೀರು ಕುಡಿಯುತ್ತದೆ, ಜಾಸ್ತಿ ಹಿಗ್ಗುತ್ತದೆ. ಒಣಗಿದ್ದಾಗ ಬಿಗಿಯಾಗಿದ್ದ ಕಟ್ಟು ಮಳೆ ಬಂದ ಮೇಲೆ ಸಡಿಲವಾಗಿರುತ್ತದೆ. ಕೊಕ್ಕೆಗೆ ಸ್ಪ್ರಿಂಗ್ ಮುಚ್ಚಳ ಇರಲಿ. ಬರೀ ಎಸ್ ಆಕಾರದ ಕೊಕ್ಕೆ, ಪಟ್ಟಿ ಒಂದು ಕ್ಷಣ ಸಡಿಲವಾದರೂ ಕಳಚಿಕೊಳ್ಳುತ್ತದೆ. ಮುಚ್ಚಳ ಇದ್ದರೆ ಸಡಿಲವಾದರೂ ಬಿಡುವುದಿಲ್ಲ.

ಇನ್ನೊಂದು ಸಾಮಾನನ್ನು ತುಂಬಾ ಜನ ಮರೆಯುತ್ತಾರೆ. ಮೆತ್ತನೆಯ ಕುಣಿಕೆಗಳು, ಸಾಫ್ಟ್ ಲೂಪ್ ಅನ್ನುತ್ತಾರೆ. ಪಟ್ಟಿಯದೇ ಬಟ್ಟೆಯಿಂದ ಮಾಡಿದ ಗೇಣುದ್ದದ ಬಳೆ. ಬೈಕಿನ ಭಾಗಕ್ಕೆ ಇದನ್ನು ಸುತ್ತಿ, ಅದರ ಎರಡು ಕಿವಿಗೆ ಕೊಕ್ಕೆ ಹಾಕಿದರೆ ಕಬ್ಬಿಣ ಬೈಕಿಗೆ ತಾಗುವುದೇ ಇಲ್ಲ, ಬಣ್ಣ ಉಳಿಯುತ್ತದೆ.

ಮುಂದಿನ ಚಕ್ರ ಕೂರಿಸುವ ವ್ಹೀಲ್ ಚಾಕ್ ಟ್ರೇಲರ್‌ನಲ್ಲಿ ಇದ್ದರೆ ಅರ್ಧ ಕೆಲಸ ಹಗುರ. ಇಲ್ಲದಿದ್ದರೂ ಕಟ್ಟಬಹುದು, ಆದರೆ ಮುಂದಿನ ಚಕ್ರ ಟ್ರೇಲರ್‌ನ ಮುಂದಿನ ಕಂಬಿಗೆ ಗಟ್ಟಿಯಾಗಿ ತಾಗಿ ನಿಂತಿರಬೇಕು.

ಮೊದಲು ಟ್ರೇಲರ್ ನೋಡಿ

ಬೈಕ್ ಹತ್ತಿಸುವ ಮೊದಲು ಟ್ರೇಲರ್ ಕಾರಿಗೆ ಸಿಕ್ಕಿಸಿರಲೇಬೇಕು. ಸಿಕ್ಕಿಸದೆ ಹತ್ತಿಸಿದರೆ ಬೈಕಿನ ಭಾರ ಹಿಂಬದಿಗೆ ಬಂದ ತಕ್ಷಣ ಟ್ರೇಲರ್‌ನ ಮೂತಿ ಏತದ ಹಾಗೆ ಮೇಲೇಳುತ್ತದೆ. ನೀವು ಬೈಕಿನ ಜೊತೆ ಮಧ್ಯದಲ್ಲಿ ನಿಂತಿರುತ್ತೀರಿ. ಸಮತಟ್ಟಾದ ಜಾಗ ನೋಡಿ, ಕಾರಿನ ಹ್ಯಾಂಡ್ ಬ್ರೇಕ್ ಹಾಕಿ, ಟ್ರೇಲರ್ ಚಕ್ರಕ್ಕೂ ಅಡ್ಡ ಕೊಡಿ.

ಹಿಚ್‌ನ (ಟ್ರೇಲರನ್ನು ಕಾರಿಗೆ ಜೋಡಿಸುವ ಕೊಂಡಿಯ) ಬೀಗ, ಸುರಕ್ಷತೆಯ ಸರಪಳಿ, ಹಿಂದಿನ ದೀಪಗಳು, ಟಯರ್ ಗಾಳಿ, ಚಕ್ರದ ನಟ್ಟು, ಇಷ್ಟನ್ನು ಒಂದು ಸುತ್ತು ನೋಡಿ. ಪಟ್ಟಿ ಕಟ್ಟುವ ಬಳೆಗಳನ್ನೂ ಕೈಯಿಂದ ಜಗ್ಗಿ ನೋಡಿ. ತುಕ್ಕು ಹಿಡಿದ ಬೋಲ್ಟಿಗೆ ಎಷ್ಟು ಗಟ್ಟಿ ಪಟ್ಟಿ ಕಟ್ಟಿ ಏನು ಪ್ರಯೋಜನ? ಬಳೆ ಹಲಗೆಗೆ ಮಾತ್ರ ಸ್ಕ್ರೂ ಹಾಕಿ ಕೂರಿಸಿದ್ದರೆ ಅದನ್ನು ನಂಬಬೇಡಿ. ಅದು ಟ್ರೇಲರ್‌ನ ಉಕ್ಕಿನ ಚೌಕಟ್ಟಿಗೇ ಸೇರಿರಬೇಕು.

ಬೈಕ್ ಎಲ್ಲಿ ನಿಲ್ಲಬೇಕು ಅನ್ನುವುದನ್ನೂ ಈಗಲೇ ನಿರ್ಧರಿಸಿ. ಭಾರ ಆಕ್ಸಲ್‌ಗಿಂತ ಸ್ವಲ್ಪ ಮುಂದಕ್ಕೆ ಬೀಳಬೇಕು. ಟ್ರೇಲರ್ ಮತ್ತು ಹೊರೆಯ ಒಟ್ಟು ತೂಕದ ಹತ್ತನೇ ಒಂದು ಭಾಗದ ಆಸುಪಾಸು ಹಿಚ್ ಮೇಲೆ ಕೂತರೆ ಟ್ರೇಲರ್ ನೆಟ್ಟಗೆ ಬರುತ್ತದೆ. ಹಿಚ್ ಎಷ್ಟು ತಡೆಯುತ್ತದೆ ಅನ್ನುವುದು ಕಾರಿನ ಕೈಪಿಡಿಯಲ್ಲಿರುತ್ತದೆ, ಅದನ್ನು ಮೀರಬೇಡಿ. ಭಾರ ಹಿಂದಕ್ಕೆ ಬಿದ್ದರೆ ವೇಗ ಹೆಚ್ಚಿದ ಹಾಗೆ ಟ್ರೇಲರ್ ಹಾವಿನ ಬಾಲದ ಹಾಗೆ ಆಡತೊಡಗುತ್ತದೆ. ಒಂದೇ ಬೈಕ್ ಆದರೆ ಟ್ರೇಲರ್‌ನ ನಟ್ಟನಡುವಿನ ಗೆರೆಯಲ್ಲಿ ನಿಲ್ಲಿಸಿ. ಎರಡಾದರೆ ಭಾರದ್ದನ್ನು ಸ್ವಲ್ಪ ಮುಂದೆ ಇಟ್ಟು, ಹ್ಯಾಂಡಲ್‌ಗಳು ಒಂದಕ್ಕೊಂದು ತಾಗದ ಹಾಗೆ ಹಿಂದೆ ಮುಂದೆ ಮಾಡಿ. ಒಂದು ಬೈಕನ್ನು ಇನ್ನೊಂದಕ್ಕೆ ಕಟ್ಟಬೇಡಿ. ಎರಡನ್ನೂ ಬೇರೆ ಬೇರೆಯಾಗಿ ಟ್ರೇಲರ್‌ಗೇ ಕಟ್ಟಿ.

ಬೈಕಿನ ತಯಾರಿ

ಇಲ್ಲಿ ಜಾಸ್ತಿ ಹೇಳುವುದಿಲ್ಲ. ಪಕ್ಕದ ಪೆಟ್ಟಿಗೆ, ಟ್ಯಾಂಕ್ ಬ್ಯಾಗ್, ಮೊಬೈಲ್ ಹಿಡಿಕೆ ತೆಗೆದಿಡಿ. ಕಾರ್ಬ್ಯುರೇಟರ್ ಬೈಕಾದರೆ ಪೆಟ್ರೋಲಿನ ನಲ್ಲಿಯನ್ನು ಮುಚ್ಚಿ. ಟ್ಯಾಂಕ್ ತುಂಬಿ ತುಳುಕುವಷ್ಟು ಬೇಡ. ಓರೆಯಾದರೆ ಕೂಗುವ ಅಲಾರಂ ಇದ್ದರೆ ಆಫ್ ಮಾಡಿ, ಇಲ್ಲದಿದ್ದರೆ ದಾರಿಯುದ್ದಕ್ಕೂ ಕೂಗಿ ಬ್ಯಾಟರಿ ಖಾಲಿ ಮಾಡುತ್ತದೆ. ಸೈಲೆನ್ಸರ್ ತಣ್ಣಗಾಗಲಿ. ಬಿಸಿ ಸೈಲೆನ್ಸರ್‌ಗೆ ತಾಗಿದ ಪಟ್ಟಿ ಕರಗುತ್ತದೆ.

ಬೈಕಿಗೆ ಹೊದಿಕೆ ಹಾಕಬೇಡಿ. ಧೂಳು ಕೂರದಿರಲಿ ಅಂತ ಹಾಕುತ್ತಾರೆ, ಆದರೆ ಗಾಳಿಗೆ ಬಡಿದಾಡುವ ಹೊದಿಕೆ ಒಳಗಿನ ಧೂಳನ್ನೇ ಉಜ್ಜಿ ಉಜ್ಜಿ ಬಣ್ಣ ಮಂಕು ಮಾಡುತ್ತದೆ. ಗಾಳಿ ತುಂಬಿಕೊಂಡು ಬೈಕನ್ನು ಜಗ್ಗುವುದು ಬೇರೆ.

ಹತ್ತಿಸುವುದು

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅಪಾಯ ಜಾಸ್ತಿ ಇರುವುದು ಇಲ್ಲೇ. ಟ್ರೇಲರ್‌ನ ನೆಲ 60 ಸೆಂಟಿಮೀಟರ್ ಎತ್ತರ ಇದೆ ಅಂದುಕೊಳ್ಳಿ. 1.2 ಮೀಟರ್ ಉದ್ದದ ರ‍್ಯಾಂಪ್ ಇಟ್ಟರೆ ಏರು 30 ಡಿಗ್ರಿ. 2 ಮೀಟರ್ ರ‍್ಯಾಂಪ್ ಇಟ್ಟರೆ ಸುಮಾರು 17 ಡಿಗ್ರಿ. ತಳ್ಳುವವರಿಗೆ ಈ ವ್ಯತ್ಯಾಸ ಬೆನ್ನಿನಲ್ಲೇ ಗೊತ್ತಾಗುತ್ತದೆ. ಗಿಡ್ಡ ರ‍್ಯಾಂಪ್‌ನಲ್ಲಿ ಇನ್ನೊಂದು ತೊಂದರೆ, ಮೇಲಿನ ಅಂಚು ದಾಟುವಾಗ ಬೈಕಿನ ಹೊಟ್ಟೆ ಕೆಳಗೆ ಉಜ್ಜುತ್ತದೆ.

ರ‍್ಯಾಂಪನ್ನು ಟ್ರೇಲರ್‌ಗೆ ಕಟ್ಟಿ. ಸುಮ್ನೆ ಒರಗಿಸಿಟ್ಟರೆ ಸಾಲದು. ಚಕ್ರ ಮೇಲೆ ಹತ್ತುವಾಗ ರ‍್ಯಾಂಪನ್ನು ಹಿಂದಕ್ಕೆ ಒದೆಯುತ್ತದೆ, ಅದು ಜಾರಿದರೆ ಬೈಕ್ ಮತ್ತು ಮನುಷ್ಯ ಇಬ್ಬರೂ ಕೆಳಗೆ. ಒಂದು ಪಟ್ಟಿ ಸಾಕು, ಎರಡು ನಿಮಿಷದ ಕೆಲಸ.

ಬೈಕ್ ಮೇಲೆ ಕೂತು ಓಡಿಸಿಕೊಂಡು ಹತ್ತಬೇಡಿ. ನಡುವೆ ನಿಂತುಬಿಟ್ಟರೆ ಕಾಲು ಊರಲು ನೆಲವೇ ಇರುವುದಿಲ್ಲ. ಬೈಕಿನ ಎಡಕ್ಕೆ ನಿಂತು ತಳ್ಳಿ. ಹಿಂದೆ ಒಬ್ಬರು, ಬಲಕ್ಕೆ ಒಬ್ಬರು ಇದ್ದರೆ ಚೆನ್ನ. ನೀವು ನಡೆಯಲು ಪಕ್ಕದಲ್ಲಿ ಎರಡನೇ ರ‍್ಯಾಂಪ್ ಇದ್ದರೆ ಇನ್ನೂ ಚೆನ್ನ. ಭಾರದ ಬೈಕಾದರೆ ಎಂಜಿನ್ ಶುರು ಮಾಡಿ ಮೊದಲ ಗೇರಿನಲ್ಲಿ ಕ್ಲಚ್ಚನ್ನು ಅರೆಬರೆ ಬಿಟ್ಟು ಪಕ್ಕದಲ್ಲಿ ನಡೆದು ಹತ್ತಿಸಬಹುದು. ಆದರೆ ಆ ಕೈಚಳಕ ಇದ್ದವರಷ್ಟೇ ಮಾಡಲಿ.

ಇನ್ನೊಂದು ಮಾತು, ಇದನ್ನು ನಾನು ತಡವಾಗಿ ಕಲಿತೆ. ರ‍್ಯಾಂಪ್ ಮಧ್ಯದಲ್ಲಿ ನಿಲ್ಲಬೇಕಾಗಿ ಬಂದರೆ ಕೈ ತಾನಾಗಿ ಮುಂದಿನ ಬ್ರೇಕ್ ಹಿಡಿಯುತ್ತದೆ. ಆದರೆ ಏರಿನಲ್ಲಿ ಬೈಕಿನ ಭಾರ ಹಿಂದಿನ ಚಕ್ರಕ್ಕೆ ಹೋಗಿರುತ್ತದೆ, ಮುಂದಿನ ಚಕ್ರಕ್ಕೆ ಹಿಡಿತ ಕಡಿಮೆ. ಬ್ರೇಕ್ ಹಿಡಿದಿದ್ದರೂ ಚಕ್ರ ಉಜ್ಜಿಕೊಂಡು ಹಿಂದಕ್ಕೆ ಜಾರಬಹುದು. ಹಿಂದಿನ ಬ್ರೇಕ್ ಪೆಡಲ್ ಬಲಗಾಲಿನ ಕಡೆ ಇರುತ್ತದೆ, ಎಡಕ್ಕೆ ನಿಂತವರಿಗೆ ಎಟುಕುವುದಿಲ್ಲ. ಉಪಾಯ ಹೀಗೆ: ಎಂಜಿನ್ ಆಫ್, ಮೊದಲ ಗೇರ್, ಕ್ಲಚ್ ಹಿಡಿದು ತಳ್ಳಿ. ನಿಲ್ಲಬೇಕಾದಾಗ ಕ್ಲಚ್ ಬಿಡಿ. ಎಂಜಿನ್ನೇ ಹಿಂದಿನ ಚಕ್ರವನ್ನು ಹಿಡಿದು ನಿಲ್ಲಿಸುತ್ತದೆ. ಕ್ಲಚ್ ಲಿವರ್ ನಿಮ್ಮ ಕೈಯಲ್ಲಿರುವ ಹಿಂದಿನ ಬ್ರೇಕ್ ಅಂತ ತಿಳಿಯಿರಿ. ಗೇರ್ ಇಲ್ಲದ ಸ್ಕೂಟರಿನಲ್ಲಿ ಈ ಆಟ ನಡೆಯುವುದಿಲ್ಲ, ಆದರೆ ಅದರ ಎಡಗೈ ಲಿವರ್ರೇ ಹಿಂದಿನ ಬ್ರೇಕ್, ಹಾಗಾಗಿ ಚಿಂತೆ ಇಲ್ಲ.

ಎಲ್ಲಿಗೆ ಕಟ್ಟಬೇಕು

ನಾನು ಮಾಡಿದ ದೊಡ್ಡ ತಪ್ಪು ಹ್ಯಾಂಡಲ್ ತುದಿಗೆ ಕಟ್ಟಿದ್ದು. ಹ್ಯಾಂಡಲ್ ಎರಡು ಕ್ಲ್ಯಾಂಪ್ ನಡುವೆ ಕೂತಿರುವ ಕೊಳವೆ ಅಷ್ಟೇ. ತುದಿಯಲ್ಲಿ ಗಂಟೆಗಟ್ಟಲೆ ಜಗ್ಗಿದರೆ ತಿರುಗುತ್ತದೆ, ಬಾಗುತ್ತದೆ. ಆಕ್ಸಿಲರೇಟರ್ ಹಿಡಿ, ಲಿವರ್, ವೈರು, ಬ್ರೇಕ್ ಹೋಸ್ ಎಲ್ಲ ನಡುವೆ ಸಿಕ್ಕಿ ನಲುಗುತ್ತವೆ. ಸ್ಪೋರ್ಟ್ಸ್ ಬೈಕಿನಲ್ಲಿ ಎಡಬಲ ಬೇರೆ ಬೇರೆ ತುಂಡಿನ ಹ್ಯಾಂಡಲ್ ಇರುತ್ತದೆ, ಅವಂತೂ ಫೋರ್ಕ್ ಸುತ್ತ ತಿರುಗಿಯೇ ಬಿಡಬಹುದು.

ಕಟ್ಟಲು ಒಳ್ಳೆಯ ಜಾಗ ಅಂದರೆ, ಎರಡು ಫೋರ್ಕ್ ಕೊಳವೆಗಳನ್ನು ಹಿಡಿದುಕೊಂಡಿರುವ ಕೆಳಗಿನ ದಪ್ಪ ಲೋಹದ ತುಂಡು. ಮೆಕ್ಯಾನಿಕ್‌ಗಳು ಬಾಟಮ್ ಟೀ ಅನ್ನುವುದು ಇದನ್ನೇ. ಇದು ಗಟ್ಟಿ, ಇದು ಹ್ಯಾಂಡಲ್ ಕೊಳವೆಯ ಹಾಗೆ ಕ್ಲ್ಯಾಂಪಿನೊಳಗೆ ತಿರುಗುವುದಿಲ್ಲ, ಮತ್ತು ಇದು ಸ್ಪ್ರಿಂಗ್‌ನ ಮೇಲಿನ ಭಾಗ. ಹಾಗಾಗಿ ಇಲ್ಲಿ ಕೆಳಕ್ಕೆ ಎಳೆದರೆ ಫೋರ್ಕ್ ಕುಗ್ಗುತ್ತದೆ. ಮೆತ್ತನೆಯ ಕುಣಿಕೆಯನ್ನು ಫೋರ್ಕ್ ಕೊಳವೆಯ ಸುತ್ತ, ಬಾಟಮ್ ಟೀಯ ಮೇಲ್ಭಾಗಕ್ಕೆ ಬರುವ ಹಾಗೆ ಹಾಕಿ. ಎಡಕ್ಕೊಂದು, ಬಲಕ್ಕೊಂದು. ಒಳಗೆ ಬ್ರೇಕ್ ಹೋಸ್, ವೈರು, ಕೇಬಲ್ ಯಾವುದೂ ಸಿಕ್ಕಿಕೊಂಡಿಲ್ಲ ಅಂತ ಬೆರಳಾಡಿಸಿ ನೋಡಿ. ಪಟ್ಟಿ ಮಡ್‌ಗಾರ್ಡ್, ಇಂಡಿಕೇಟರ್, ಫೇರಿಂಗ್ ಅಂಚಿಗೆ ಒತ್ತದ ಹಾಗೆ ದಾರಿ ಹುಡುಕಿ. ಒತ್ತಲೇಬೇಕಾಗಿ ಬಂದರೆ ನಡುವೆ ದಪ್ಪ ಬಟ್ಟೆ ಇಡಿ. ಆದರೆ ಬಟ್ಟೆ ಜಾರುತ್ತದೆ, ದಾರಿಯಲ್ಲಿ ಅದನ್ನೂ ನೋಡುತ್ತಿರಬೇಕು.

ಸಾದಾ ದುಂಡು ಹ್ಯಾಂಡಲ್ ಇರುವ ಹಗುರ ಬೈಕಿನಲ್ಲಿ, ಬೇರೆ ದಾರಿ ಇಲ್ಲದಿದ್ದರೆ, ಹ್ಯಾಂಡಲ್‌ನ ಬುಡಕ್ಕೆ ಕ್ಲ್ಯಾಂಪಿನ ಪಕ್ಕದಲ್ಲೇ ಕುಣಿಕೆ ಹಾಕಬಹುದು. ತುದಿಗೆ ಮಾತ್ರ ಬೇಡ. ಸ್ಕೂಟರ್ ತಲೆನೋವಿನ ಕೆಲಸ, ಎಲ್ಲ ಕಡೆ ಪ್ಲಾಸ್ಟಿಕ್. ಒಳಗಿನ ಕಬ್ಬಿಣ ಎಲ್ಲಿ ಹೊರಗೆ ಬಂದಿದೆ ಅಂತ ಬಗ್ಗಿ ಹುಡುಕಬೇಕು.

ಇನ್ನು ಓರೆಯ ವಿಚಾರ. ಪಟ್ಟಿ ಬೈಕಿನಿಂದ ಹೊರಕ್ಕೆ, ಮುಂದಕ್ಕೆ ಮತ್ತು ಕೆಳಕ್ಕೆ ಹೋಗಬೇಕು, ಸುಮಾರು 45 ಡಿಗ್ರಿ ಓರೆಯಲ್ಲಿ. 100 ಕೆ.ಜಿ. ಬಿಗಿಯಲ್ಲಿರುವ ಪಟ್ಟಿ 45 ಡಿಗ್ರಿಯಲ್ಲಿದ್ದರೆ ಕೆಳಕ್ಕೆ ಸುಮಾರು 70 ಕೆ.ಜಿ., ಪಕ್ಕಕ್ಕೆ ಸುಮಾರು 70 ಕೆ.ಜಿ. ಎಳೆಯುತ್ತದೆ. ಅದೇ ಪಟ್ಟಿಯನ್ನು ಬೈಕಿನ ಪಕ್ಕದಲ್ಲೇ, ನೆಟ್ಟಗಿನ ಗೆರೆಯಿಂದ ಬರೀ 20 ಡಿಗ್ರಿ ಓರೆಯಲ್ಲಿ ಕಟ್ಟಿದರೆ ಪಕ್ಕಕ್ಕೆ ಉಳಿಯುವುದು 34 ಕೆ.ಜಿ. ಮಾತ್ರ. ಬೈಕ್ ಬೀಳುವುದು ಪಕ್ಕಕ್ಕೆ ತಾನೇ? ಅದಕ್ಕೇ ಬಳೆಗಳು ಬೈಕಿನಿಂದ ದೂರ ಇರಲಿ. ಬಳೆ ಬುಡದಲ್ಲೇ ಇರುವ ಟ್ರೇಲರ್ ನೋಡಿದರೆ ನನಗೆ ಮೈ ಉರಿಯುತ್ತದೆ.

ಬಿಗಿಯುವ ಕ್ರಮ

ಬೈಕ್ ಈಗ ಚಾಕ್‌ನಲ್ಲಿ ಕೂತಿದೆ, ಹ್ಯಾಂಡಲ್ ನೇರವಾಗಿದೆ, ಸೈಡ್ ಸ್ಟ್ಯಾಂಡ್ ಕೆಳಗಿದೆ. ಬೈಕ್ ಎಡಕ್ಕೆ ವಾಲಿ ನಿಂತಿದೆ. ಹ್ಯಾಂಡಲ್ ಲಾಕ್ ಹಾಕಬೇಡಿ.

ಮೊದಲು ಎಡಗಡೆಯ ಮುಂದಿನ ಪಟ್ಟಿಯನ್ನು ಸಿಕ್ಕಿಸಿ, ಸಡಿಲ ಹೋಗುವಷ್ಟು ಮಾತ್ರ ಎಳೆಯಿರಿ. ಆಮೇಲೆ ಬಲಗಡೆಗೆ ಹೋಗಿ ಅಲ್ಲಿಯ ಪಟ್ಟಿ ಸಿಕ್ಕಿಸಿ, ನಿಧಾನ ಬಿಗಿಯಿರಿ. ಬೈಕ್ ಸ್ಟ್ಯಾಂಡ್ ಬಿಟ್ಟು ನೆಟ್ಟಗಾಗುತ್ತಾ ಬರುತ್ತದೆ. ಈ ಕ್ರಮದಲ್ಲಿ ಹೋದರೆ ಬೈಕ್ ಯಾವ ಹೊತ್ತಿನಲ್ಲೂ ಆಧಾರ ಇಲ್ಲದೆ ನಿಲ್ಲುವುದಿಲ್ಲ. ಎಡಕ್ಕೆ ಸ್ಟ್ಯಾಂಡ್, ಬಲಕ್ಕೆ ಬೀಳದ ಹಾಗೆ ಎಡದ ಪಟ್ಟಿ. ಜೊತೆಗೊಬ್ಬರು ಹಿಡಿದುಕೊಂಡಿದ್ದರೆ ಇನ್ನೂ ನಿರಾಳ.

ರ‍್ಯಾಚೆಟ್ ಗೊತ್ತಿಲ್ಲದವರಿಗೆ ಒಂದು ಮಾತು. ಪಟ್ಟಿಯ ತುದಿಯನ್ನು ನಡುವಿನ ಉರುಳೆಯ ಸೀಳಿನೊಳಗೆ ತೂರಿಸಿ, ಸಡಿಲ ಪಟ್ಟಿಯನ್ನೆಲ್ಲ ಕೈಯಿಂದಲೇ ಎಳೆದು ಹೊರತೆಗೆಯಿರಿ. ಆಮೇಲೆ ಹಿಡಿಕೆ ಆಡಿಸಿ. ಉರುಳೆಯ ಮೇಲೆ ಎರಡು ಮೂರು ಸುತ್ತು ಬರಬೇಕು. ಒಂದೇ ಸುತ್ತಾದರೆ ಜಾರಬಹುದು. ಸಡಿಲ ಎಳೆಯದೆ ಶುರು ಮಾಡಿದರೆ ಸುತ್ತು ಗುಡ್ಡೆಯಾಗಿ ಒಳಗೇ ಸಿಕ್ಕಿಕೊಂಡುಬಿಡುತ್ತದೆ. ಮುಗಿದ ಮೇಲೆ ಹಿಡಿಕೆಯನ್ನು ಪೂರ್ತಿ ಮಡಚಿ ಕೂರಿಸಿ, ಅದೇ ಅದರ ಬೀಗ.

ಈಗ ಎಡಕ್ಕೆ ಎರಡು ಕಟಕ್, ಬಲಕ್ಕೆ ಎರಡು ಕಟಕ್. ಹೀಗೆ ಸರದಿಯಲ್ಲಿ ಬಿಗಿಯುತ್ತಾ ಹೋಗಿ. ಒಂದೇ ಕಡೆ ಬಿಗಿದರೆ ಬೈಕ್ ವಾಲುತ್ತದೆ. ಫೋರ್ಕ್ ಕುಗ್ಗುವುದು ಕಾಣಿಸುತ್ತದೆ. ಎಷ್ಟು ಕುಗ್ಗಿಸಬೇಕು? ಈ ಪ್ರಶ್ನೆಗೆ ಹತ್ತು ಜನ ಹನ್ನೊಂದು ಉತ್ತರ ಕೊಡುತ್ತಾರೆ. ನನ್ನ ಉತ್ತರ: ಫೋರ್ಕ್ ಒಟ್ಟು ಓಡುವ, ಅಂದರೆ ಕುಗ್ಗಬಲ್ಲ, ಉದ್ದದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ, ಅರ್ಧಕ್ಕಿಂತ ಕಡಿಮೆ. 120 ಮಿಲಿಮೀಟರ್ ಓಡುವ ಫೋರ್ಕ್ ಆದರೆ 40ರಿಂದ 60 ಮಿಲಿಮೀಟರ್ ನಡುವೆ. ಕಣ್ಣಳತೆ ನಂಬದಿದ್ದರೆ ಹತ್ತಿಸುವ ಮೊದಲು ಸ್ಟ್ಯಾಂಡಿನ ಮೇಲೆ ಮುಂದಿನ ಚಕ್ರ ಎತ್ತಿ ಫೋರ್ಕ್‌ನ ಹೊಳೆಯುವ ಭಾಗವನ್ನು ಸ್ಕೇಲ್ ಇಟ್ಟು ಅಳೆದುಕೊಳ್ಳಿ, ಬಿಗಿದ ಮೇಲೆ ಮತ್ತೆ ಅಳೆಯಿರಿ. ಸ್ವಂತ ಭಾರಕ್ಕೇ ಫೋರ್ಕ್ ಸ್ವಲ್ಪ ಕುಗ್ಗಿರುತ್ತದೆ, ಆ ಕುಗ್ಗುವಿಕೆಯೂ ಈ ಲೆಕ್ಕದಲ್ಲೇ ಬಂತು.

ಇಷ್ಟು ಕುಗ್ಗಿಸಿದರೆ ಸ್ಪ್ರಿಂಗ್ ಸದಾ ಮೇಲಕ್ಕೆ ಒತ್ತುತ್ತಿರುತ್ತದೆ, ಸಣ್ಣಪುಟ್ಟ ಗುಂಡಿಗೆ ಪಟ್ಟಿ ಸಡಿಲವಾಗುವುದಿಲ್ಲ. ಪೂರ್ತಿ ಒತ್ತಿಬಿಟ್ಟರೆ ಇನ್ನೂ ಗಟ್ಟಿ ಅಲ್ವಾ ಅಂತ ಕೇಳಬಹುದು. ಬೇಡ. ಫೋರ್ಕ್ ತಳ ಕಂಡ ಮೇಲೆ ಗುಂಡಿಯ ಏಟನ್ನು ತಿನ್ನಲು ಸ್ಪ್ರಿಂಗ್ ಇರುವುದಿಲ್ಲ. ಅದು ನೇರ ಪಟ್ಟಿಗೆ, ಬಳೆಗೆ, ಫೋರ್ಕ್‌ನ ಆಯಿಲ್ ಸೀಲ್‌ಗೆ ಹೋಗುತ್ತದೆ. ಕೆಸರಲ್ಲಿ ಓಡಿಸುವ ಎತ್ತರದ ಬೈಕುಗಳ ಫೋರ್ಕ್ ತುಂಬಾ ಉದ್ದ. ಅವುಗಳಿಗೆ ಮುಂದಿನ ಚಕ್ರ ಮತ್ತು ಮಡ್‌ಗಾರ್ಡ್ ನಡುವೆ ಇಡುವ ಫೋರ್ಕ್ ಬ್ಲಾಕ್ ಸಿಗುತ್ತದೆ. ಅದು ಇದ್ದರೆ ಎಷ್ಟು ಕುಗ್ಗಿಸಬೇಕು ಅನ್ನುವ ಜಗಳವೇ ಇಲ್ಲ.

ಈಗ ಸೈಡ್ ಸ್ಟ್ಯಾಂಡ್ ಮೇಲಕ್ಕೆ ಎತ್ತಿ. ಇದನ್ನು ಮರೆಯಬೇಡಿ. ಸ್ಟ್ಯಾಂಡ್ ಕೆಳಗಿದ್ದರೆ ಆಧಾರ ಜಾಸ್ತಿ ಅನ್ನಿಸುತ್ತದೆ, ಆದರೆ ಆಗುವುದು ಉಲ್ಟಾ. ಬಿಗಿದ ಪಟ್ಟಿಯ ಎಳೆತ, ಗುಂಡಿಯ ಏಟು ಎರಡೂ ಆ ಸಣ್ಣ ಕಾಲಿನ ಮೇಲೆ ಬೀಳುತ್ತವೆ. ಕಾಲು ಬಾಗುತ್ತದೆ, ಅದನ್ನು ಹಿಡಿದಿರುವ ಫ್ರೇಮಿನ ಕಿವಿ ಸೀಳುತ್ತದೆ. ಕಾಲು ಒಂದಿಷ್ಟು ಸರಿದರೂ ಎಲ್ಲ ಪಟ್ಟಿಯ ಬಿಗಿ ಹೋಯಿತು. ಡಬಲ್ ಸ್ಟ್ಯಾಂಡ್ ಕೂಡ ಬೇಡ. ಎರಡೂ ಚಕ್ರ ನೆಲದಲ್ಲಿರಲಿ, ಸ್ಟ್ಯಾಂಡ್ ಮೇಲಕ್ಕೆ ಮಡಚಿರಲಿ.

ಹಿಂದಿನ ಎರಡು ಪಟ್ಟಿ

ಮುಂದಿನವು ಬೈಕನ್ನು ನಿಲ್ಲಿಸುತ್ತವೆ, ಹಿಂದಿನವು ಬಾಲ ಆಡದ ಹಾಗೆ ಹಿಡಿಯುತ್ತವೆ. ಹಿಂದೆ ಕೂರುವವರ ಕಾಲಿಡುವ ಬ್ರಾಕೆಟ್, ಫ್ರೇಮ್, ಗಟ್ಟಿ ಕಬ್ಬಿಣದ ಹಿಂದಿನ ಹಿಡಿಕೆ ಇವು ಒಳ್ಳೆಯ ಜಾಗ. ನಂಬರ್ ಪ್ಲೇಟ್ ಹಿಡಿಕೆ, ಸೈಲೆನ್ಸರ್, ಪ್ಲಾಸ್ಟಿಕ್ ಬೇಡ. ಚಾಕ್ ಇದ್ದರೆ ಹಿಂದಿನ ಪಟ್ಟಿಯನ್ನು ಮುಂದಕ್ಕೆ ಎಳೆದು ಕಟ್ಟಿದರೂ ನಡೆಯುತ್ತದೆ, ಚಕ್ರ ಚಾಕ್‌ನೊಳಗೆ ಒತ್ತಿ ಕೂರುತ್ತದೆ. ಚಾಕ್ ಇಲ್ಲದಿದ್ದರೆ ಹಿಂದಕ್ಕೆ ಎಳೆಯಿರಿ. ಆಗ ಮುಂದಿನವು ಮುಂದಕ್ಕೆ, ಹಿಂದಿನವು ಹಿಂದಕ್ಕೆ ಜಗ್ಗಿ ಬೈಕ್ ನಡುವೆ ನಿಲ್ಲುತ್ತದೆ. ಮುಂದಿನಷ್ಟು ಬಿಗಿ ಇಲ್ಲಿ ಬೇಡ, ಹಿಂದಿನ ಶಾಕ್ ಸ್ವಲ್ಪ ಕೂತರೆ ಸಾಕು.

ಐದನೇ ಪಟ್ಟಿ ಇದ್ದರೆ ಹಿಂದಿನ ಚಕ್ರದ ರಿಮ್ಮಿನೊಳಗಿಂದ ತೂರಿಸಿ ಎರಡೂ ಪಕ್ಕಕ್ಕೆ ಕಟ್ಟಿ. ಗುಂಡಿಗೆ ಹಿಂದಿನ ಚಕ್ರ ಹಾರಿ ಪಕ್ಕಕ್ಕೆ ಸರಿಯುವುದು ನಿಲ್ಲುತ್ತದೆ. ಎಬಿಎಸ್ ವೈರು, ಡಿಸ್ಕಿಗೆ ತಾಗದಿರಲಿ.

ಮೊದಲ ಗೇರಿನಲ್ಲಿ ಬಿಡಿ. ಸ್ಕೂಟರಾದರೆ ಪಾರ್ಕಿಂಗ್ ಬ್ರೇಕ್ ಇದ್ದರೆ ಹಾಕಿ, ಇಲ್ಲದಿದ್ದರೆ ಬ್ರೇಕ್ ಲಿವರನ್ನು ಒಂದು ವೆಲ್ಕ್ರೋ ಪಟ್ಟಿಯಿಂದ ಕಟ್ಟಿಡಿ. ಇದೆಲ್ಲ ಬರೀ ಸಹಾಯಕ್ಕೆ. ಭಾರ ಹೊರಬೇಕಾದ್ದು ಪಟ್ಟಿಗಳೇ.

ಬಿಗಿದು ಉಳಿದ ಪಟ್ಟಿಯ ತುದಿಗಳನ್ನು ಸುತ್ತಿ ಗಂಟು ಹಾಕಿ. ಬಿಟ್ಟರೆ ಗಾಳಿಗೆ ಬಡಿದು ಬಣ್ಣ ಕೆಡಿಸುತ್ತವೆ, ನೂಲು ಬಿಚ್ಚುತ್ತದೆ, ಟ್ರೇಲರ್ ಚಕ್ರಕ್ಕೂ ಸಿಕ್ಕಬಹುದು. ಉದ್ದಕ್ಕೆ ಬಿಗಿಯಾಗಿರುವ ಪಟ್ಟಿ ಗಾಳಿಗೆ ಗುಂಯ್‌ಗುಡುತ್ತಾ ನಡುಗುತ್ತದೆ. ಕಟ್ಟುವಾಗಲೇ ಅದಕ್ಕೆ ಅರ್ಧ ತಿರುವು ಕೊಟ್ಟಿದ್ದರೆ ಆ ನಡುಕ ಇರುವುದಿಲ್ಲ. ತಿರುವು ರ‍್ಯಾಚೆಟ್‌ನ ಉರುಳೆಯೊಳಗೆ ಬರಬಾರದು ಅಷ್ಟೇ.

ಈಗ ಹಿಂದಿನ ಹಿಡಿಕೆ ಹಿಡಿದು ಜೋರಾಗಿ ಅಲುಗಾಡಿಸಿ.

ದಾರಿಯಲ್ಲಿ

ಹೊಸದಾಗಿ ಬಿಗಿದ ಪಟ್ಟಿ ಮೊದಲ ಸ್ವಲ್ಪ ದೂರದಲ್ಲಿ ಒಂದಿಷ್ಟು ಸಡಿಲವಾಗಿಯೇ ಆಗುತ್ತದೆ. ಕುಣಿಕೆ ಕೂರುತ್ತದೆ, ಟಯರ್ ಚಾಕ್‌ನಲ್ಲಿ ಹೊಂದಿಕೊಳ್ಳುತ್ತದೆ. ಹತ್ತು ಹದಿನೈದು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ, ನಾಲ್ಕೂ ಪಟ್ಟಿ ಮುಟ್ಟಿ ನೋಡಿ. ನನ್ನ ಅನುಭವದಲ್ಲಿ ಈ ಮೊದಲ ನಿಲುಗಡೆಯಲ್ಲಿ ಒಂದೆರಡು ಕಟಕ್ ಯಾವಾಗಲೂ ಬೇಕಾಗುತ್ತದೆ. ಆಮೇಲೆ ಚಹಾಕ್ಕೋ ಪೆಟ್ರೋಲಿಗೋ ನಿಂತಾಗಲೆಲ್ಲ ನೋಡಿದರೆ ಸಾಕು. ಹಿಚ್‌ನ ಬೀಗ, ಟ್ರೇಲರ್ ಟಯರನ್ನೂ ಜೊತೆಗೇ ನೋಡಿಬಿಡಿ.

ಉಬ್ಬು, ಗುಂಡಿ ಕಂಡಾಗ ಟ್ರೇಲರ್ ಚಕ್ರ ದಾಟುವವರೆಗೂ ನಿಧಾನ. ನಿಮ್ಮ ಕಾರು ದಾಟಿದ ತಕ್ಷಣ ಕಾಲು ಒತ್ತುವ ಚಟ ಇದ್ದರೆ ಬಿಡಬೇಕು, ಏಟು ಬೀಳುವುದು ಆಮೇಲೆ. ತಿರುವಿನಲ್ಲಿ ಟ್ರೇಲರ್ ಒಳಗಿನ ಅಂಚಿಗೆ ಕತ್ತರಿಸಿಕೊಂಡು ಬರುತ್ತದೆ, ಅಗಲವಾಗಿ ತಿರುಗಿಸಿ. ಟ್ರೇಲರ್ ಬಾಲ ಆಡತೊಡಗಿದರೆ ಬ್ರೇಕ್ ತುಳಿಯಬೇಡಿ, ಸ್ಟೀರಿಂಗ್ ಆಡಿಸಿ ಸರಿಪಡಿಸಲೂ ಹೋಗಬೇಡಿ. ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ವೇಗ ಇಳಿದ ಹಾಗೆ ತಾನೇ ಸುಮ್ಮನಾಗುತ್ತದೆ. ಆಮೇಲೆ ನಿಲ್ಲಿಸಿ ಭಾರವನ್ನು ಮುಂದಕ್ಕೆ ಸರಿಸಬೇಕು.

ಇಳಿಸುವಾಗ

ತಲುಪಿಬಿಟ್ಟೆವು ಅನ್ನುವ ಖುಷಿಯಲ್ಲಿ ಬೈಕ್ ಬೀಳಿಸಿದವರು ಕಡಿಮೆ ಇಲ್ಲ. ಟ್ರೇಲರ್ ಕಾರಿಗೆ ಸಿಕ್ಕಿಯೇ ಇರಲಿ. ರ‍್ಯಾಂಪ್ ಕಟ್ಟಿ. ಮೊದಲು ಹಿಂದಿನ ಪಟ್ಟಿಗಳನ್ನು ಬಿಚ್ಚಿ. ಆಮೇಲೆ ಸೈಡ್ ಸ್ಟ್ಯಾಂಡ್ ಇಳಿಸಿ.

ಮುಂದಿನ ಎರಡರಲ್ಲಿ ಯಾವುದು ಮೊದಲು? ಬಲಗಡೆಯದು. ಎಡದ ಪಟ್ಟಿ ಇನ್ನೂ ಬಿಗಿಯಾಗಿರುವುದರಿಂದ ಬಲದ್ದು ಬಿಚ್ಚಿದ ತಕ್ಷಣ ಬೈಕ್ ಎಡಕ್ಕೆ, ಅಂದರೆ ಸ್ಟ್ಯಾಂಡಿನ ಕಡೆಗೆ ವಾಲುತ್ತದೆ. ತಪ್ಪಿ ಎಡದ್ದನ್ನು ಮೊದಲು ಬಿಚ್ಚಿದರೆ ಬಲದ ಪಟ್ಟಿ ಬೈಕನ್ನು ಸ್ಟ್ಯಾಂಡ್ ಇಲ್ಲದ ಕಡೆಗೆ ಎಳೆದು ಬೀಳಿಸುತ್ತದೆ. ರ‍್ಯಾಚೆಟ್ ಪೂರ್ತಿ ತೆರೆದಾಗ ಕುಗ್ಗಿದ ಫೋರ್ಕ್ ಒಮ್ಮೆಲೇ ಚಿಮ್ಮುತ್ತದೆ, ಹಿಡಿಕೆಯೂ ಬೆರಳಿಗೆ ಬಡಿಯಬಹುದು. ಹಾಗಾಗಿ ಒಬ್ಬರು ಎಡಕ್ಕೆ ನಿಂತು ಬೈಕ್ ಹಿಡಿದುಕೊಂಡಿರಲಿ, ಇನ್ನೊಬ್ಬರು ಬಿಚ್ಚಲಿ. ಕ್ಯಾಮ್ ಬಕಲ್ ಆದರೆ ಪಟ್ಟಿಯ ತುದಿಯನ್ನು ಒಂದು ಕೈಯಲ್ಲಿ ಹಿಡಿದೇ ಗುಂಡಿ ಒತ್ತಿ, ನಿಧಾನ ಬಿಡಬಹುದು.

ಬೈಕ್ ಹಿಮ್ಮುಖವಾಗಿ ಇಳಿಯುವುದರಿಂದ ಇಲ್ಲೂ ಭಾರ ಹಿಂದಿನ ಚಕ್ರದ ಮೇಲೆ. ಅದೇ ಕ್ಲಚ್ ಉಪಾಯ: ಎಂಜಿನ್ ಆಫ್, ಮೊದಲ ಗೇರ್, ಕ್ಲಚ್ ಹಿಡಿದು ಒಂದು ಗೇಣು ಇಳಿಸಿ, ಬಿಟ್ಟು ನಿಲ್ಲಿಸಿ, ಮತ್ತೆ ಒಂದು ಗೇಣು. ಬೈಕಿನ ಹಿಂದೆ, ರ‍್ಯಾಂಪಿನ ನೇರಕ್ಕೆ ಯಾರೂ ನಿಲ್ಲಬಾರದು.

ನೆಲಕ್ಕೆ ಬಂದ ಮೇಲೆ ಫೋರ್ಕ್ ಕೊಳವೆಗಳ ಮೇಲೆ ಎಣ್ಣೆಯ ಪಸೆ ಇದೆಯಾ ನೋಡಿ, ಮುಂದಿನ ಬ್ರೇಕ್ ಹಿಡಿದು ಎರಡು ಮೂರು ಸಲ ಫೋರ್ಕ್ ಒತ್ತಿ ಬಿಡಿ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ವೈರು ಹೋಸ್ ಎಳೆದುಕೊಂಡಿಲ್ಲವೆಂದು ಖಚಿತ ಮಾಡಿಕೊಳ್ಳಿ. ಪೆಟ್ರೋಲಿನ ನಲ್ಲಿಯನ್ನು ತೆರೆಯಿರಿ. ಪಟ್ಟಿಗಳನ್ನು ಒದ್ದೆ ಇದ್ದರೆ ನೆರಳಲ್ಲಿ ಒಣಗಿಸಿ ಸುತ್ತಿಡಿ. ಬಿಸಿಲು ಇವುಗಳ ನೂಲನ್ನು ಮೆಲ್ಲಗೆ ತಿನ್ನುತ್ತದೆ. ಅಂಚು ಹರಿದದ್ದು, ಹೊಲಿಗೆ ಬಿಟ್ಟದ್ದು, ಸುಟ್ಟ ಗುರುತು ಇರುವುದು ಸಿಕ್ಕರೆ ಅಲ್ಲೇ ಎರಡು ತುಂಡು ಮಾಡಿ ಕಸಕ್ಕೆ ಹಾಕಿ. ಹಾಗೇ ಇಟ್ಟರೆ ಮುಂದಿನ ಸಲ ಅವಸರದಲ್ಲಿ ಕೈಗೆ ಸಿಗುವುದು ಅದೇ.